121 ತೋರಿಸಿದ ರಾತ್ರಿ: ಮಾತ್ರೆ ಡಬ್ಬಿ ಸೇರಿದ ಶುಗರ್ ಸ್ಟ್ರಿಪ್‌ಗಳ ಪ್ರಕರಣ

ಆ ರಾತ್ರಿ

ಬೆಳಗಿನ ಜಾವ 4 ಗಂಟೆ 20 ನಿಮಿಷ. ಪಕ್ಕದ ಕೋಣೆಯಲ್ಲಿ ನೀರಿನ ಲೋಟ ಬಿದ್ದ ಸದ್ದಿಗೆ ನನಗೆ ಎಚ್ಚರವಾಯಿತು. ಹೋಗಿ ನೋಡಿದರೆ ಅಮ್ಮ ಮಂಚದ ಅಂಚಿನಲ್ಲಿ ಕೂತಿದ್ದಾಳೆ. ಹಣೆ, ಕುತ್ತಿಗೆ ಎಲ್ಲ ಬೆವರು. ಫ್ಯಾನ್ ಜೋರಾಗಿಯೇ ತಿರುಗುತ್ತಿತ್ತು. ಕೈ ಹಿಡಿದರೆ ತಣ್ಣಗಿತ್ತು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

"ಏನಾಯ್ತಮ್ಮಾ?"

"ಏನಿಲ್ಲ ಕಣೇ. ಒಳಗೆಲ್ಲ ಖಾಲಿ ಖಾಲಿ ಅನ್ನಿಸ್ತಿದೆ." ಮಾತು ಸ್ವಲ್ಪ ಎಳೆಯುತ್ತಿತ್ತು.

ಅಮ್ಮನಿಗೆ 71 ವರ್ಷ. ಟೈಪ್ 2 ಸಕ್ಕರೆ ಕಾಯಿಲೆ ಶುರುವಾಗಿ 18 ವರ್ಷವಾಯಿತು. ಮಾತ್ರೆಯ ಜೊತೆಗೆ ರಾತ್ರಿ ಹೊತ್ತು ಇನ್ಸುಲಿನ್ ಇದೆ. ಹಾಗಾಗಿ ನನಗೆ ಮೊದಲು ಹೊಳೆದದ್ದು ಶುಗರ್ ಇಳಿದಿದೆ ಅಂತಲೇ. ಮೀಟರ್ ಮಂಚದ ಪಕ್ಕದಲ್ಲೇ ಇತ್ತು. ಅಮ್ಮನೇ ನಡುಗುವ ಕೈಯಲ್ಲಿ ಒಂದು ಸ್ಟ್ರಿಪ್ ತೆಗೆದು ಕೊಟ್ಟಳು. ಎಲ್ಲಿಂದ ತೆಗೆದಳು ಅಂತ ಆಗ ನಾನು ನೋಡಲಿಲ್ಲ. ಬೆರಳಿಗೆ ಚುಚ್ಚಿ, ರಕ್ತದ ಹನಿ ಮುಟ್ಟಿಸಿದೆ. 121 ಅಂತ ಬಂತು.

ಇಲ್ಲಿ ಬರುವ ಎಲ್ಲ ಸಂಖ್ಯೆಗಳೂ ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಸಕ್ಕರೆ ಅನ್ನುವ ಲೆಕ್ಕ. ನಿಮ್ಮ ಮೀಟರ್ ಮಿಲಿಮೋಲ್‌ನಲ್ಲಿ ತೋರಿಸುತ್ತಿದ್ದರೆ ಇವನ್ನು 18ರಿಂದ ಭಾಗಿಸಿಕೊಳ್ಳಿ. 70ಕ್ಕಿಂತ ಕೆಳಗಿದ್ದರೆ ಲೋ ಶುಗರ್. 54ಕ್ಕಿಂತ ಕೆಳಗೆ ಹೋದರೆ ಇನ್ನೂ ಅಪಾಯ.

ಅಂದರೆ 121 ಒಳ್ಳೆಯ ಸಂಖ್ಯೆ. ಆ ಹೊತ್ತಿನಲ್ಲಿ ಇದಕ್ಕಿಂತ ಚೆನ್ನಾಗಿರುವ ಸಂಖ್ಯೆ ಬೇಕಾಗಿಲ್ಲ. ಇನ್ನೊಂದು ಸ್ಟ್ರಿಪ್ ಹಾಕಿದೆ. 134. ಎರಡೂ ಒಂದೇ ಮಾತು ಹೇಳುತ್ತಿವೆ. ಹಾಗಾದರೆ ಶುಗರ್ ಅಲ್ಲ, ಬೇರೆ ಏನೋ ಇದೆ ಅಂತ ಎದೆ ಹೊಡೆದುಕೊಳ್ಳಲು ಶುರುವಾಯಿತು. ಹೃದಯದ ತೊಂದರೆಯೋ ಏನೋ ಅಂತ ಆಂಬುಲೆನ್ಸ್‌ಗೆ ಫೋನ್ ಮಾಡಲು ಮೊಬೈಲ್ ಕೈಗೆ ತಗೊಂಡೆ.

ಆದರೆ ಆ ಬೆವರು, ಆ ನಡುಕ, ಆ ಖಾಲಿ ಖಾಲಿ ಅನ್ನುವ ಮಾತು ನಾನು ಮೊದಲೂ ಎರಡು ಸಲ ನೋಡಿದ್ದೆ. ಎರಡೂ ಸಲ ಲೋ ಶುಗರ್ ಆಗಿತ್ತು. ಅಡುಗೆಮನೆಗೆ ಓಡಿ ಅರ್ಧ ಲೋಟ ನೀರಿಗೆ ನಾಲ್ಕು ಟೀ ಚಮಚ ಸಕ್ಕರೆ ಹಾಕಿ ಕಲಸಿದೆ. ಬರುವಾಗ ಹಾಲ್‌ನ ಕಪಾಟಿನಿಂದ ಇನ್ನೂ ಸೀಲ್ ಒಡೆಯದ ಸ್ಟ್ರಿಪ್ ಬಾಟಲಿ ಎತ್ತಿಕೊಂಡು ಬಂದೆ. ಯಾಕೆ ಎತ್ತಿಕೊಂಡೆ ಅಂತ ಕೇಳಿದರೆ ಸರಿಯಾದ ಉತ್ತರ ಇಲ್ಲ. ಕೈಗೆ ಸಿಕ್ಕಿತು, ಅಷ್ಟೇ. ಲೋಟ ಅಮ್ಮನ ಕೈಗೆ ಕೊಟ್ಟು, ಅವಳು ಕುಡಿಯುವ ಮೊದಲೇ ಇನ್ನೊಂದು ಹನಿ ರಕ್ತ ತೆಗೆದು ಹೊಸ ಬಾಟಲಿಯ ಸ್ಟ್ರಿಪ್‌ಗೆ ಮುಟ್ಟಿಸಿದೆ.

58.

ಅದೇ ಮೀಟರ್, ಅದೇ ಬೆರಳು. ನಡುವೆ ಹೋದದ್ದು ಏಳೆಂಟು ನಿಮಿಷ.

ಅಮ್ಮನಿಗೆ ಎಚ್ಚರ ಇತ್ತು, ನುಂಗಲು ಆಗುತ್ತಿತ್ತು, ಹಾಗಾಗಿ ಸಕ್ಕರೆ ನೀರು ಕುಡಿಸಿದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ತಕ್ಷಣ ಆಸ್ಪತ್ರೆಯವರನ್ನು ಕರೆಯಬೇಕು. ಹದಿನೈದು ನಿಮಿಷ ಬಿಟ್ಟು ನೋಡಿದಾಗ 76. ಏನಾದರೂ ತಿನ್ನು ಅಂತ ಕೊಟ್ಟೆ. ಇನ್ನರ್ಧ ಗಂಟೆಗೆ 104. ಬೆವರು ಆರಿತ್ತು. "ಈಗ ಮಲಗ್ತೀನಿ, ನೀನೂ ಮಲಗು ಹೋಗು" ಅಂದಳು. ನಾನು ಮಲಗಲಿಲ್ಲ. ಮೀಟರ್ ಮಡಿಲಲ್ಲಿ ಇಟ್ಟುಕೊಂಡು ಅದರ ಮೆಮೊರಿ ತಿರುವುತ್ತಾ ಕೂತೆ.

ಅದಕ್ಕೂ ಮೊದಲಿನ ಮೂರು ವಾರ

ಅಮ್ಮನ ಶುಗರ್ ಪುಸ್ತಕ ಮತ್ತು ಮೀಟರ್ ಮೆಮೊರಿ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ ಕಥೆ ಬಿಚ್ಚಿಕೊಂಡಿತು. ಬೆಳಗ್ಗೆ ಖಾಲಿ ಹೊಟ್ಟೆಯ ಶುಗರ್ ತಿಂಗಳುಗಳಿಂದ 105ರಿಂದ 130ರ ಒಳಗೇ ಇತ್ತು. ಮೂರು ವಾರದ ಹಿಂದಿನ ಮೊದಲ ನಾಲ್ಕೈದು ದಿನವೂ ಹಾಗೇ ಇದೆ. ಆಮೇಲೆ ಏರಲು ಶುರು. 139, 152, 168, 181, 190. ಪ್ರತಿ ದಿನ ಒಂದು ಮೆಟ್ಟಿಲು ಹತ್ತಿದ ಹಾಗೆ.

190 ಬಂದ ದಿನ ನಾನೇ ಡಾಕ್ಟರಿಗೆ ಫೋನ್ ಮಾಡಿದ್ದೆ. ಅವರು ಊಟ, ನಿದ್ದೆ, ಜ್ವರ, ಹೊಸ ಮಾತ್ರೆ ಏನಾದರೂ ಇದೆಯಾ ಅಂತೆಲ್ಲ ಕೇಳಿದರು. ಏನೂ ಇರಲಿಲ್ಲ. ರಾತ್ರಿ ಇನ್ಸುಲಿನ್ 18 ಯೂನಿಟ್‌ನಿಂದ 20ಕ್ಕೆ ಏರಿಸಿ ಅಂದರು. ನಾಲ್ಕು ದಿನ ಬಿಟ್ಟು ನೋಡಿದರೂ 186. ಮತ್ತೆ ಎರಡು ಯೂನಿಟ್ ಏರಿತು, 22 ಆಯಿತು. ಅದಾದ ಮೇಲೆ 165, 158, 149 ಅಂತ ಇಳಿಯಿತು. ಅಬ್ಬಾ, ಹತೋಟಿಗೆ ಬಂತು ಅಂತ ನಾನು ನಿಟ್ಟುಸಿರು ಬಿಟ್ಟೆ. ಪುಸ್ತಕದಲ್ಲಿ 149ರ ಪಕ್ಕ ನನ್ನದೇ ಕೈಯಲ್ಲಿ ಹಾಕಿದ ಒಂದು ಸರಿ ಗುರುತು ಇದೆ. ಅದನ್ನು ಈಗ ನೋಡಿದರೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಆ 149ರ ದಿನ ಅಮ್ಮನ ನಿಜವಾದ ಶುಗರ್ ಬಹುಶಃ 85ರ ಆಸುಪಾಸಿನಲ್ಲಿ ಇತ್ತು. ಮರುದಿನ ರಾತ್ರಿ ಹಸಿವಿಲ್ಲ ಅಂತ ಅರ್ಧ ಊಟ ಮಾಡಿ ಎದ್ದಳು. ಇನ್ಸುಲಿನ್ ಮಾತ್ರ ಪೂರ್ತಿ 22 ಯೂನಿಟ್ ಹೋಯಿತು.

ಈ ಮೂರು ವಾರದ ನಡುವೆ ಇನ್ನೊಂದು ಘಟನೆ ಇದೆ. ಅದನ್ನು ಹೇಳಲೇಬೇಕು, ಯಾಕಂದರೆ ನಮ್ಮನ್ನು ದಾರಿ ತಪ್ಪಿಸಿದ್ದು ಅದೇ. ಒಂದು ಸಂಜೆ 243 ಬಂತು. ಗಾಬರಿಯಾಯಿತು. ಕೇಳಿದರೆ ಅಮ್ಮ ಆಗಷ್ಟೇ ಮೊಮ್ಮಗನಿಗೆ ಹಣ್ಣು ಹೆಚ್ಚಿ ಕೊಟ್ಟಿದ್ದಳು. ಕೈಯನ್ನು ಬಟ್ಟೆಗೆ ಒರೆಸಿಕೊಂಡಿದ್ದಳು, ತೊಳೆದಿರಲಿಲ್ಲ. ಸೋಪು ಹಾಕಿ ತೊಳೆದು, ಚೆನ್ನಾಗಿ ಒರೆಸಿ, ಮತ್ತೆ ನೋಡಿದಾಗ 171. ಇಂದಿನ ಮೀಟರ್‌ಗಳು ತಗೊಳ್ಳುವ ರಕ್ತ ಒಂದು ಮೈಕ್ರೋಲೀಟರ್‌ಗಿಂತಲೂ ಕಡಿಮೆ ಇರಬಹುದು. ಅಷ್ಟು ಚಿಕ್ಕ ಹನಿಗೆ ಬೆರಳಿನ ಮೇಲೆ ಒಣಗಿದ ಹಣ್ಣಿನ ರಸದ ಸಕ್ಕರೆ ಬೆರೆತರೆ ಸಂಖ್ಯೆ ಎಲ್ಲಿಗೋ ಹೋಗುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಒಂದು ಸಲ ಸವರಿದರೆ ಆ ಅಂಟು ಪೂರ್ತಿ ಹೋಗುತ್ತದೆ ಅಂತಲೂ ನಂಬಬಾರದು. ನೀರು, ಸೋಪೇ ಸರಿ. ತೊಳೆಯಲು ಆಗದ ಜಾಗದಲ್ಲಿ ಇದ್ದರೆ ಮೊದಲ ಹನಿ ಒರೆಸಿ ಎರಡನೇ ಹನಿ ಬಳಸಬೇಕು.

ಇದೆಲ್ಲ ಸರಿ. ಕೈ ತೊಳೆಯದ್ದು ನಿಜವಾದ ತಪ್ಪೇ. ಆದರೆ ಅದು ಸಿಕ್ಕಿದ ಸಮಾಧಾನದಲ್ಲಿ ನಾವು ಮುಂದೆ ಹುಡುಕುವುದನ್ನೇ ನಿಲ್ಲಿಸಿದೆವು. "ನೋಡು, ಕೈ ತೊಳೀದೇ ಇದ್ದಿದ್ದಕ್ಕೆ ಇಷ್ಟು ದಿನ ಜಾಸ್ತಿ ಬರ್ತಿತ್ತು" ಅಂತ ನಾನು ಹೇಳಿದ್ದೂ ನೆನಪಿದೆ. ಆದರೆ ತೊಳೆದ ಕೈಯಲ್ಲೂ 171 ಬಂದಿತ್ತು ಅಲ್ವಾ? ಊಟಕ್ಕೂ ಮುಂಚಿನ ಸಂಖ್ಯೆ ಅದು. ಅದನ್ನು ಯಾರೂ ಪ್ರಶ್ನೆ ಮಾಡಲಿಲ್ಲ. 243ರ ಪಕ್ಕ ನಿಂತಾಗ 171 ಚಿಕ್ಕದಾಗಿ ಕಂಡಿತು.

ಹುಡುಕಾಟ

ಬೆಳಕು ಹರಿದ ಮೇಲೆ ಅಮ್ಮನ ಕೋಣೆಗೆ ಹೋಗಿ ಕೇಳಿದೆ. "ರಾತ್ರಿ ಸ್ಟ್ರಿಪ್ ಎಲ್ಲಿಂದ ತೆಗೆದು ಕೊಟ್ಟೆ?"

ಮಂಚದ ಪಕ್ಕದ ಶೆಲ್ಫ್ ತೋರಿಸಿದಳು. ಅಲ್ಲಿ ವಾರದ ಮಾತ್ರೆ ಹಾಕಿಡುವ ಪ್ಲಾಸ್ಟಿಕ್ ಡಬ್ಬಿ ಇತ್ತು, ಏಳು ಗೂಡಿನದು. ದಿನಾ ನನ್ನ ಕಣ್ಣಿಗೆ ಬೀಳುತ್ತಿತ್ತು. ಅದರಲ್ಲಿ ಮಾತ್ರೆ ಇದೆ ಅಂತಲೇ ನಾನು ಅಂದುಕೊಂಡಿದ್ದೆ. ತೆರೆದರೆ ಎರಡು ಗೂಡಿನಲ್ಲಿ ಸ್ಟ್ರಿಪ್‌ಗಳು. ಲೆಕ್ಕ ಹಾಕಿದೆ, ಏಳು ಉಳಿದಿದ್ದವು. ಗೂಡಿನ ಮುಚ್ಚಳ ಒತ್ತಿದರೂ ಪೂರ್ತಿ ಕೂರುತ್ತಿರಲಿಲ್ಲ, ಒಂದು ಕಡೆ ಕೂದಲೆಳೆಯಷ್ಟು ಸಂದಿ. ಆ ಶೆಲ್ಫ್ ಇರುವುದು ಬಚ್ಚಲುಮನೆಯ ಬಾಗಿಲಿಗೆ ಎರಡು ಅಡಿ ದೂರದಲ್ಲಿ. ದಿನಾ ಬೆಳಗ್ಗೆ ಬಿಸಿನೀರಿನ ಹಬೆ ಅದೇ ಬಾಗಿಲಿನಿಂದ ಕೋಣೆಗೆ ಬರುತ್ತದೆ.

ಇಷ್ಟು ಸಾಕಿತ್ತು. ಆದರೂ ನನಗೆ ಖಾತ್ರಿ ಬೇಕಿತ್ತು, ಯಾಕಂದರೆ ಇದೇ ಮೂರು ವಾರದಲ್ಲಿ ಒಂದು ಸಲ ಅರ್ಧ ಉತ್ತರಕ್ಕೆ ಸಮಾಧಾನ ಪಟ್ಟುಕೊಂಡಿದ್ದೆ. ಅದೃಷ್ಟಕ್ಕೆ ಹೋಲಿಕೆ ಮಾಡಲು ಎಲ್ಲವೂ ಅನುಕೂಲವಾಗಿತ್ತು. ನಾವು ತಂದದ್ದು 100 ಸ್ಟ್ರಿಪ್‌ಗಳ ಪೆಟ್ಟಿಗೆ, ಒಳಗೆ 50ರ ಎರಡು ಬಾಟಲಿ. ಖಾಲಿ ಬಾಟಲಿ ಡ್ರಾಯರ್‌ನಲ್ಲೇ ಸಿಕ್ಕಿತು. ಎರಡರ ಮೇಲೂ ಒಂದೇ ಲಾಟ್ ನಂಬರ್, ಒಂದೇ ಎಕ್ಸ್‌ಪೈರಿ ತಿಂಗಳು, ಅದೂ ಇನ್ನೂ ವರ್ಷ ದೂರ. ಅಂದರೆ ಕಾರ್ಖಾನೆಯಿಂದ ಬಂದಾಗ ಎರಡೂ ಒಂದೇ. ಆಮೇಲೆ ಬೆಳೆದ ರೀತಿ ಮಾತ್ರ ಬೇರೆ.

ಮೀಟರ್ ಜೊತೆ ಕಂಟ್ರೋಲ್ ಸೊಲ್ಯೂಷನ್ ಅನ್ನುವ ಪುಟ್ಟ ಸೀಸೆ ಬಂದಿತ್ತು. ಅದರಲ್ಲಿ ಇಂತಿಷ್ಟೇ ಅಂತ ಗೊತ್ತಿರುವ ಸಕ್ಕರೆಯ ದ್ರವ ಇರುತ್ತದೆ. ಅದನ್ನು ರಕ್ತದ ಬದಲು ಸ್ಟ್ರಿಪ್‌ಗೆ ಮುಟ್ಟಿಸಿದರೆ, ಬಾಟಲಿಯ ಮೇಲೆ ಅಚ್ಚಾದ ಎರಡು ಸಂಖ್ಯೆಗಳ ನಡುವೆ ಉತ್ತರ ಬರಬೇಕು. ನಾವು ಅದನ್ನು ತೆರೆದೇ ಇರಲಿಲ್ಲ. ನನಗೆ ಗೊತ್ತಿರುವ ಸಕ್ಕರೆ ಕಾಯಿಲೆಯ ಮನೆಗಳಲ್ಲಿ ಯಾರೂ ತೆರೆದದ್ದನ್ನು ನಾನು ನೋಡಿಲ್ಲ, ಸುಮ್ನೆ ಪೆಟ್ಟಿಗೆಯಲ್ಲೇ ಬಿದ್ದಿರುತ್ತದೆ. ಎಕ್ಸ್‌ಪೈರಿ ನೋಡಿದೆ, ಇನ್ನೂ ಇತ್ತು. ಸೀಸೆ ಅಲುಗಾಡಿಸಿ, ಮೊದಲ ಹನಿ ಚೆಲ್ಲಿ, ತುದಿ ಒರೆಸಿ, ಎರಡನೇ ಹನಿಯನ್ನು ಒಂದು ಶುಭ್ರವಾದ ಒಣ ಮುಚ್ಚಳದ ಮೇಲೆ ಹಾಕಿಕೊಂಡು ಅಲ್ಲಿಂದ ಸ್ಟ್ರಿಪ್‌ಗೆ ಎಳೆದುಕೊಂಡೆ.

ನಮ್ಮ ಬಾಟಲಿಯ ಮೇಲೆ ಇದ್ದದ್ದು 102ರಿಂದ 138. ಹೊಸ ಬಾಟಲಿಯ ಸ್ಟ್ರಿಪ್ 119 ತೋರಿಸಿತು. ಮಾತ್ರೆ ಡಬ್ಬಿಯ ಸ್ಟ್ರಿಪ್ 184. ಇನ್ನೊಂದು ಹಾಕಿದೆ, 177.

ಆ ಎರಡು ಸಂಖ್ಯೆ ನೋಡಿ ನನಗೆ ಸಿಟ್ಟು ಬರಲಿಲ್ಲ. ಸುಸ್ತಾಯಿತು. ಎರಡು ನಿಮಿಷದ ಕೆಲಸ. ಇದನ್ನು 168 ಬಂದ ದಿನವೇ ಮಾಡಬಹುದಿತ್ತು.

ಎರಡು ದಿನ ಬಿಟ್ಟು ಲ್ಯಾಬ್‌ನಲ್ಲೂ ನೋಡಿಸಿದೆವು. ಖಾಲಿ ಹೊಟ್ಟೆಯಲ್ಲಿ ತೋಳಿನ ರಕ್ತ ಕೊಟ್ಟ ಕೂಡಲೇ ಅಲ್ಲೇ ಕೂತು ಬೆರಳಿನಿಂದಲೂ ನೋಡಿದೆವು. ಲ್ಯಾಬ್ 104, ಹೊಸ ಬಾಟಲಿಯ ಸ್ಟ್ರಿಪ್ 112, ಡಬ್ಬಿಯ ಸ್ಟ್ರಿಪ್ 171. ಹೀಗೆ ಹೋಲಿಸುವಾಗ ಖಾಲಿ ಹೊಟ್ಟೆಯೇ ಆಗಬೇಕು. ಊಟವಾದ ಮೇಲೆ ಬೆರಳಿನ ರಕ್ತದಲ್ಲಿ ತೋಳಿನ ರಕ್ತಕ್ಕಿಂತ ಸಕ್ಕರೆ ಜಾಸ್ತಿ ಇರುತ್ತದೆ, ಆಗ ಮೀಟರ್ ಸರಿ ಇದ್ದರೂ ತಪ್ಪು ಅನ್ನಿಸುತ್ತದೆ.

104 ಮತ್ತು 112 ಬೇರೆ ಬೇರೆ ಅಲ್ವಾ ಅಂತ ಕೇಳಬಹುದು. ಮನೆಯ ಮೀಟರ್‌ಗೆ ಅಷ್ಟು ಸಲಿಗೆ ಇದೆ. ಐಎಸ್‌ಒ 15197 ಅನ್ನುವ ಅಂತರರಾಷ್ಟ್ರೀಯ ಮಾನದಂಡದ 2013ರ ಆವೃತ್ತಿಯ ಪ್ರಕಾರ, ನೂರರಲ್ಲಿ 95 ಸಲವಾದರೂ ಮೀಟರ್ ಲ್ಯಾಬ್‌ನ ಸಂಖ್ಯೆಗೆ ಹತ್ತಿರ ಇರಬೇಕು. ಶುಗರ್ 100ಕ್ಕಿಂತ ಕಡಿಮೆ ಇದ್ದಾಗ ಹತ್ತಿರ ಅಂದರೆ 15 ಅಂಕ ಆಚೆ ಈಚೆ, 100 ಮತ್ತು ಅದಕ್ಕಿಂತ ಜಾಸ್ತಿ ಇದ್ದಾಗ ಶೇಕಡ 15. ಈ ಲೆಕ್ಕದಲ್ಲಿ 58 ಇರುವ ಶುಗರ್ 43 ಅಂತಲೋ 73 ಅಂತಲೋ ಬಂದರೂ ಒಪ್ಪಬಹುದು. 121 ಅಂತ ಬಂದರೆ ಆ ಸ್ಟ್ರಿಪ್ ಕೆಟ್ಟಿದೆ.

ಸ್ಟ್ರಿಪ್ ಒಳಗೆ ಏನಾಗುತ್ತದೆ

ನಾವು ಮೀಟರನ್ನು ಯಂತ್ರ ಅಂತ ಜೋಪಾನ ಮಾಡುತ್ತೇವೆ. ಚೀಲದಲ್ಲಿ ಇಡುತ್ತೇವೆ, ಮಕ್ಕಳ ಕೈಗೆ ಕೊಡುವುದಿಲ್ಲ. ಸ್ಟ್ರಿಪ್ ಬಗ್ಗೆ ಒಂದು ಕಾಗದದ ಚೂರಿನಷ್ಟೂ ಯೋಚನೆ ಮಾಡುವುದಿಲ್ಲ. ನಿಜ ನೋಡಿದರೆ ಪರೀಕ್ಷೆ ನಡೆಯುವುದೇ ಸ್ಟ್ರಿಪ್‌ನಲ್ಲಿ. ಮೀಟರ್ ಬರೀ ಕರೆಂಟ್ ಅಳೆದು ಲೆಕ್ಕ ಹೇಳುತ್ತದೆ.

ಸ್ಟ್ರಿಪ್‌ನ ತುದಿಯ ಸಣ್ಣ ಕಿಂಡಿಯೊಳಗೆ ಒಂದು ಎನ್‌ಜೈಮ್ ಒಣಗಿಸಿ ಲೇಪಿಸಿರುತ್ತಾರೆ. ಗ್ಲೂಕೋಸ್ ಆಕ್ಸಿಡೇಸ್ ಇರಬಹುದು, ಗ್ಲೂಕೋಸ್ ಡಿಹೈಡ್ರೋಜಿನೇಸ್ ಇರಬಹುದು. ರಕ್ತ ಒಳಗೆ ಬಂದ ಕೂಡಲೇ ಅದು ಸಕ್ಕರೆಯಿಂದ ಎಲೆಕ್ಟ್ರಾನ್‌ಗಳನ್ನು ಕೀಳುತ್ತದೆ. ಅವನ್ನು ಹೊತ್ತು ತಂತಿಗೆ ಮುಟ್ಟಿಸಲು ಇನ್ನೊಂದು ರಾಸಾಯನಿಕ ಇರುತ್ತದೆ, ಹಲವು ಸ್ಟ್ರಿಪ್‌ಗಳಲ್ಲಿ ಅದು ಫೆರಿಸಯನೈಡ್. ಸಕ್ಕರೆ ಜಾಸ್ತಿ ಇದ್ದಷ್ಟೂ ಕರೆಂಟ್ ಜಾಸ್ತಿ. ಇಡೀ ಏರ್ಪಾಡು ನಿಂತಿರುವುದು ಒಂದೇ ನಂಬಿಕೆಯ ಮೇಲೆ: ರಕ್ತ ಮುಟ್ಟುವ ತನಕ ಆ ಲೇಪ ಒಣಗಿರುತ್ತದೆ.

ತೇವ ಒಳಗೆ ಹೋದರೆ ರಕ್ತ ಬರುವ ಮೊದಲೇ ಕೆಲಸ ಕೆಡುತ್ತದೆ. ಎನ್‌ಜೈಮ್ ಸೊರಗಿದರೆ ಸಂಖ್ಯೆ ಕಡಿಮೆ ಬರುತ್ತದೆ. ಎಲೆಕ್ಟ್ರಾನ್ ಹೊರುವ ರಾಸಾಯನಿಕ ತಾನಾಗಿಯೇ ಬದಲಾಗಿಬಿಟ್ಟರೆ ಸಕ್ಕರೆ ಇಲ್ಲದಿದ್ದರೂ ಕರೆಂಟ್ ಹರಿಯುತ್ತದೆ, ಸಂಖ್ಯೆ ಜಾಸ್ತಿ ಬರುತ್ತದೆ. ನಮ್ಮ ಡಬ್ಬಿಯಲ್ಲಿ ಆದದ್ದು ಈ ಎರಡನೆಯದು ಅಂತ ನನಗೆ ಅನ್ನಿಸುತ್ತದೆ, ಎಲ್ಲ ಸಂಖ್ಯೆಗಳೂ ಸುಮಾರು 60 ಅಂಕ ಮೇಲೆ ಎತ್ತಿ ಕೂರಿಸಿದ ಹಾಗಿದ್ದವು. ಇನ್ನೊಬ್ಬರ ಮನೆಯಲ್ಲಿ, ಇನ್ನೊಂದು ಕಂಪನಿಯ ಸ್ಟ್ರಿಪ್‌ನಲ್ಲಿ ಇದೇ ತೇವ ಸಂಖ್ಯೆಯನ್ನು ಕೆಳಗೆ ಎಳೆಯಬಹುದು. ಹಾಗಾಗಿ "ಹಳೇ ಸ್ಟ್ರಿಪ್ ಸ್ವಲ್ಪ ಜಾಸ್ತಿ ತೋರಿಸುತ್ತೆ, ಕಳೆದುಕೊಂಡರಾಯ್ತು" ಅನ್ನುವ ಲೆಕ್ಕ ಯಾವತ್ತೂ ಬೇಡ. ಕೆಲವು ಮೀಟರ್‌ಗಳು ಕೆಟ್ಟ ಸ್ಟ್ರಿಪ್ ಗುರುತಿಸಿ ಎರರ್ ಅಂತ ತೋರಿಸುತ್ತವೆ. ನಮ್ಮದು ತೋರಿಸಲಿಲ್ಲ.

1965ರಲ್ಲಿ ಬಂದ ಡೆಕ್ಸ್ಟ್ರೋಸ್ಟಿಕ್ಸ್ ಅನ್ನುವ ರಕ್ತದ ಸ್ಟ್ರಿಪ್‌ನಲ್ಲಿ ಬಣ್ಣ ಬದಲಾಗುತ್ತಿತ್ತು, ಆ ಬಣ್ಣವನ್ನು ಕಣ್ಣಿನಲ್ಲೇ ಹೋಲಿಸಿ ನೋಡಬೇಕಿತ್ತು. ಈಗಿನ ಸ್ಟ್ರಿಪ್‌ನಲ್ಲಿ ಲೇಪ ಕಿಂಡಿಯೊಳಗೆ ಅಡಗಿರುತ್ತದೆ. ಡಬ್ಬಿಯ ಸ್ಟ್ರಿಪ್ ಮತ್ತು ಹೊಸ ಸ್ಟ್ರಿಪ್ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ಎಷ್ಟು ಹೊತ್ತು ನೋಡಿದೆನೋ. ಒಂದು ಚುಕ್ಕೆಯ ವ್ಯತ್ಯಾಸ ಕಾಣಲಿಲ್ಲ.

ಆಮೇಲೆ ಖಾಲಿ ಬಾಟಲಿಯ ಒಳಗೆ ಟಾರ್ಚ್ ಹಾಕಿ ನೋಡಿದೆ. ಹೊರಗಿನ ಪ್ಲಾಸ್ಟಿಕ್ ನುಣುಪಾಗಿದೆ. ಒಳಗಡೆ ಇನ್ನೊಂದು ದಪ್ಪನೆಯ ಪದರ ಇದೆ, ಸ್ವಲ್ಪ ಮಾಸಲು ಬಣ್ಣ, ಮುಟ್ಟಿದರೆ ಒರಟು. ತೇವ ಹೀರುವ ವಸ್ತುವನ್ನು ಆ ಗೋಡೆಯಲ್ಲೇ ಸೇರಿಸಿರುತ್ತಾರೆ. ಕೆಲವು ಕಂಪನಿಗಳು ಮುಚ್ಚಳದಲ್ಲಿ ಇಡುತ್ತವೆ. ಅಂದರೆ ಅದು ಬರೀ ಸ್ಟ್ರಿಪ್ ತುಂಬಿಡುವ ಬಾಟಲಿ ಅಲ್ಲ. ಮುಚ್ಚಿರುವಷ್ಟು ಹೊತ್ತೂ ಕೆಲಸ ಮಾಡುತ್ತಲೇ ಇರುತ್ತದೆ. ಮುಚ್ಚಳ ತೆರೆದೇ ಇಟ್ಟರೆ ಕೋಣೆಯ ತೇವವನ್ನೆಲ್ಲ ಹೀರಿ ತಾನೇ ತುಂಬಿಹೋಗುತ್ತದೆ, ಆಮೇಲೆ ಮುಚ್ಚಿದರೂ ಉಪಯೋಗ ಕಡಿಮೆ. ಹಾಗಾಗಿಯೇ ಹಲವು ಬಾಟಲಿಗಳ ಮೇಲೆ ಎಕ್ಸ್‌ಪೈರಿ ಒಂದು ಕಡೆ, ತೆರೆದ ಮೇಲೆ 3 ತಿಂಗಳು ಅಥವಾ 6 ತಿಂಗಳು ಅಂತ ಇನ್ನೊಂದು ಕಡೆ ಬರೆದಿರುತ್ತದೆ. ಯಾವುದು ಮೊದಲು ಬರುತ್ತದೋ ಅದೇ ಕೊನೆ.

ಡಾಕ್ಟರು

ಎಲ್ಲ ಸಂಖ್ಯೆಗಳನ್ನೂ ಬರೆದುಕೊಂಡು ಡಾಕ್ಟರ ಹತ್ತಿರ ಹೋದೆವು. ಇನ್ಸುಲಿನ್ ಹಿಂದಿನ 18 ಯೂನಿಟ್‌ಗೆ ಇಳಿಸಿದರು. ಪೂರ್ತಿ ನೋಡಿಬಿಡೋಣ ಅಂತ ಹಿಮೋಗ್ಲೋಬಿನ್ ಕೂಡ ಪರೀಕ್ಷೆಗೆ ಬರೆದರು. ರಕ್ತಹೀನತೆ ಇದ್ದರೂ ಮೀಟರ್ ಇದ್ದದ್ದಕ್ಕಿಂತ ಜಾಸ್ತಿ ತೋರಿಸಬಹುದಂತೆ. ಅಮ್ಮನದು ಸರಿ ಇತ್ತು. ವಿಟಮಿನ್ ಸಿ ಜಾಸ್ತಿ ತಗೊಳ್ಳುತ್ತಿದ್ದೀರಾ, ಹೊಟ್ಟೆಯ ಮೂಲಕ ಡಯಾಲಿಸಿಸ್ ಏನಾದರೂ ಆಗಿದೆಯಾ ಅಂತಲೂ ಕೇಳಿದರು. ಎರಡೂ ಇರಲಿಲ್ಲ.

ಡಯಾಲಿಸಿಸ್ ಯಾಕೆ ಕೇಳಿದರು ಅಂತ ಮನೆಗೆ ಬಂದು ಓದಿದೆ. ಒಂದು ಬಗೆಯ ಡಯಾಲಿಸಿಸ್ ದ್ರವದಲ್ಲಿ ಐಕೋಡೆಕ್ಸ್‌ಟ್ರಿನ್ ಇರುತ್ತದೆ, ಅದು ದೇಹದಲ್ಲಿ ಮಾಲ್ಟೋಸ್ ಅನ್ನುವ ಇನ್ನೊಂದು ಬಗೆಯ ಸಕ್ಕರೆ ಆಗುತ್ತದೆ. ಪಿಕ್ಯೂಕ್ಯೂ ಅನ್ನುವ ಬಗೆಯ ಗ್ಲೂಕೋಸ್ ಡಿಹೈಡ್ರೋಜಿನೇಸ್ ಇರುವ ಸ್ಟ್ರಿಪ್‌ಗಳಿಗೆ ಮಾಲ್ಟೋಸ್ ಮತ್ತು ಗ್ಲೂಕೋಸ್ ನಡುವಿನ ವ್ಯತ್ಯಾಸ ಗೊತ್ತಾಗುವುದಿಲ್ಲ. 1997ರಿಂದ 2009ರ ನಡುವೆ ಇಂಥ ಗೊಂದಲಕ್ಕೆ ಸಂಬಂಧಿಸಿದ 13 ಸಾವುಗಳ ವರದಿ ತನಗೆ ಬಂದಿದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಓದುತ್ತಾ ಕೈ ತಣ್ಣಗಾಯಿತು. ಕಾರಣ ಬೇರೆ, ಆದರೆ ಅಪಾಯದ ದಾರಿ ನಮ್ಮದೇ. ಸಂಖ್ಯೆ ಜಾಸ್ತಿ ಬರುತ್ತದೆ, ಇನ್ಸುಲಿನ್ ಏರುತ್ತದೆ, ನಿಜವಾದ ಶುಗರ್ ಕುಸಿಯುತ್ತದೆ, ಕುಸಿದಾಗಲೂ ಮೀಟರ್ ಎಲ್ಲ ಸರಿ ಇದೆ ಅನ್ನುತ್ತದೆ. ಕಡಿಮೆ ತೋರಿಸುವ ಸ್ಟ್ರಿಪ್‌ನಿಂದಲೂ ತೊಂದರೆ ಇದೆ, ಇಲ್ಲ ಅನ್ನಲ್ಲ. ಆದರೆ ಇನ್ಸುಲಿನ್ ತಗೊಳ್ಳುವವರಿಗೆ ಜಾಸ್ತಿ ತೋರಿಸುವ ಸ್ಟ್ರಿಪ್‌ನಷ್ಟು ಬೇಗ ಜೀವಕ್ಕೆ ಬರುವುದು ಬೇರೆ ಇಲ್ಲ ಅಂತ ಈಗ ನನಗೆ ಅನ್ನಿಸುತ್ತದೆ.

ಹೊರಡುವಾಗ ಡಾಕ್ಟರು ಹೇಳಿದ ಮಾತು ಇದು: "ನೀವು ಫೋನ್ ಮಾಡಿದಾಗ ನಾನು ಊಟ ಕೇಳಿದೆ, ಜ್ವರ ಕೇಳಿದೆ. ಸ್ಟ್ರಿಪ್ ಎಲ್ಲಿ ಇಟ್ಟಿದ್ದೀರಿ ಅಂತ ಕೇಳಲೇ ಇಲ್ಲ. ಮುಂದಿನ ಸಲದಿಂದ ಮೀಟರ್ ಜೊತೆ ಬಾಟಲಿಯನ್ನೂ ತನ್ನಿ."

ಮುಚ್ಚಳ

ಅಮ್ಮ ಯಾಕೆ ಹೀಗೆ ಮಾಡಿದಳು ಅಂತ ಕೇಳಲು ನನಗೆ ನಾಲ್ಕು ದಿನ ಬೇಕಾಯಿತು. ಕೇಳಿದರೆ ಬೈದ ಹಾಗೆ ಆಗುತ್ತದೆ ಅನ್ನುವ ಭಯ. ಕೊನೆಗೆ ಖಾಲಿ ಬಾಟಲಿ ಅವಳ ಕೈಗೆ ಕೊಟ್ಟು, "ಒಂದ್ಸಲ ತೆಗೆದು ತೋರಿಸಮ್ಮಾ" ಅಂದೆ.

ಎಡಗೈಯಲ್ಲಿ ಬಾಟಲಿ ಹಿಡಿದಳು. ಬಲಗೈ ಹೆಬ್ಬೆರಳನ್ನು ಮುಚ್ಚಳದ ಮೊಳೆಯಷ್ಟು ಚಿಕ್ಕ ಅಂಚಿಗೆ ಆನಿಸಿ ಒತ್ತಿದಳು. ಹೆಬ್ಬೆರಳಿನ ಬುಡದ ಗಂಟು ಬಾತುಕೊಂಡಿದೆ, ವರ್ಷಗಳಿಂದ ಸಂಧಿವಾತ. ಉಗುರು ಬೆಳ್ಳಗಾಯಿತು, ಮುಚ್ಚಳ ಅಲುಗಲಿಲ್ಲ. ಮತ್ತೆ ಒತ್ತಿದಳು. ಬಾಟಲಿ ಕೈಯಿಂದ ಜಾರಿ ಮಡಿಲಿಗೆ ಬಿತ್ತು.

"ದಿನಾ ಬೆಳಗ್ಗೆ ಐದೂವರೆಗೆ ಇದೊಂದು ಮುಚ್ಚಳ ತೆಗೆಸಕ್ಕೆ ನಿನ್ನ ಎಬ್ಬಿಸಲಾ? ರಾತ್ರಿ ಎಲ್ಲ ಕೆಲಸ ಮಾಡಿ ಮಲಗಿರ್ತೀಯ. ಒಂದಿನ ನೀನೇ ತೆಗೆದು ಕೊಟ್ಟೆಯಲ್ಲ, ಆಗ ಎಲ್ಲಾನೂ ಡಬ್ಬಿಗೆ ಸುರ್ಕೊಂಡೆ. ಡಬ್ಬೀನ ತೊಳೆದು ಒಣಗಿಸಿಯೇ ಹಾಕಿದ್ದು ಕಣೇ."

ತೊಳೆದು ಒಣಗಿಸಿಯೇ ಹಾಕಿದ್ದಳು. ಬಾಟಲಿಯ ಮೇಲೆ ಸ್ಟ್ರಿಪ್ ಬೇರೆ ಡಬ್ಬಿಗೆ ಹಾಕಬೇಡಿ ಅಂತ ಬರೆದಿದೆ, ನಿಜ. ಅಕ್ಕಿ ಕಾಳಿನಷ್ಟೂ ಇಲ್ಲದ ಅಕ್ಷರದಲ್ಲಿ, ಸುತ್ತಿಕೊಂಡು ಹೋಗುವ ಲೇಬಲ್ ಮೇಲೆ. 71 ವರ್ಷದ ಕಣ್ಣಿಗೆ ಅದು ಕಾಣಲ್ಲ. ಯಾಕೆ ಬೇಡ ಅಂತಲೂ ಅಲ್ಲಿ ಬರೆದಿಲ್ಲ. ಬಿಗಿಯಾದ ಮುಚ್ಚಳ ಸ್ಟ್ರಿಪ್‌ಗೆ ಬೇಕು. ಅದೇ ಬಿಗಿ ಸಂಧಿವಾತದ ಕೈಗೆ ಆಗದು. ಸಕ್ಕರೆ ಕಾಯಿಲೆ ಇರುವ ವಯಸ್ಸಾದವರಲ್ಲಿ ಬೆರಳು ಜೋಮು ಹಿಡಿದವರು, ಕಣ್ಣು ಮಂಜಾದವರು ಎಷ್ಟು ಜನ. ಅವರೆಲ್ಲ ಈ ಮುಚ್ಚಳದ ಜೊತೆ ಒಬ್ಬೊಬ್ಬರೇ ಗುದ್ದಾಡುತ್ತಿರುತ್ತಾರೆ, ಯಾರಿಗೂ ಹೇಳುವುದಿಲ್ಲ. ಇದನ್ನು ಅಮ್ಮನ ತಪ್ಪು ಅಂತ ಬರೆಯಲು ನನ್ನ ಕೈಲಿ ಆಗುವುದಿಲ್ಲ.

ಒಂದೊಂದೇ ಸ್ಟ್ರಿಪ್ ಫಾಯಿಲ್‌ನಲ್ಲಿ ಸುತ್ತಿ ಬರುವುದೂ ಇದೆ. ತೇವದ ಮಟ್ಟಿಗೆ ಒಳ್ಳೆಯದು. ತರಿಸಿ ನೋಡಿದೆವು. ಫಾಯಿಲ್ ಹರಿಯುವುದು ಅಮ್ಮನಿಗೆ ಮುಚ್ಚಳಕ್ಕಿಂತ ಕಷ್ಟವಾಯಿತು. ಕತ್ತರಿ ತಗೊಂಡಳು, ಸ್ಟ್ರಿಪ್ ತುದಿಯೂ ಕತ್ತರಿಸಿಹೋಯಿತು. ಬಿಟ್ಟೆವು. ಮುಚ್ಚಳವನ್ನು ಅರ್ಧ ಒತ್ತಿ ಇಡೋಣ ಅಂದಳು, ಅದಕ್ಕೆ ನಾನು ಒಪ್ಪಲಿಲ್ಲ. ಅರ್ಧ ಮುಚ್ಚಿದ್ದು ತೆರೆದ ಲೆಕ್ಕವೇ.

ಕೊನೆಗೆ ಮೇಜು ಸಹಾಯಕ್ಕೆ ಬಂತು. ಬಾಟಲಿಯನ್ನು ಇಡೀ ಅಂಗೈಯಲ್ಲಿ ಹಿಡಿದು, ಮುಚ್ಚಳದ ಅಂಚನ್ನು ಮೇಜಿನ ಅಡಿಯ ಕೋನಕ್ಕೆ ಸಿಕ್ಕಿಸಿ, ಬಾಟಲಿಯನ್ನು ಕೆಳಗೆ ಎಳೆಯುವುದು. ಹೆಬ್ಬೆರಳಿಗೆ ಕೆಲಸವೇ ಇಲ್ಲ. ಮುಚ್ಚುವಾಗ ಬಾಟಲಿ ಮೇಜಿನ ಮೇಲೆ ಇಟ್ಟು ಅಂಗೈಯ ಬುಡದಿಂದ ಒತ್ತುವುದು, ಟಕ್ ಅನ್ನುವ ತನಕ. ಮೊದಲು ಖಾಲಿ ಬಾಟಲಿಯಲ್ಲಿ ಇಪ್ಪತ್ತು ಸಲ ಅಭ್ಯಾಸ ಮಾಡಿದಳು. ಮೂರು ಸಲ ಬಾಟಲಿ ಹಾರಿ ನೆಲಕ್ಕೆ ಬಿತ್ತು. ಆಮೇಲೆ ಹದ ಸಿಕ್ಕಿತು.

ಉಳಿದ ಬದಲಾವಣೆಗಳು ಸುಲಭದವು. ಮೀಟರ್, ಬಾಟಲಿ ಎರಡೂ ಈಗ ಬಚ್ಚಲು, ಒಲೆ, ಕಿಟಕಿ ಮೂರರಿಂದಲೂ ದೂರದ ಕಪಾಟಿನಲ್ಲಿವೆ. ನಮ್ಮ ಸ್ಟ್ರಿಪ್‌ಗೆ ಹೇಳಿರುವುದು 30 ಡಿಗ್ರಿ ಸೆಲ್ಸಿಯಸ್ ಒಳಗೆ ಅಂತ, ನಿಮ್ಮದರ ಲೇಬಲ್ ನೀವೇ ನೋಡಿಕೊಳ್ಳಿ. ಹಾಗಂತ ಫ್ರಿಜ್‌ನಲ್ಲಿ ಇಡಬಾರದು. ತಣ್ಣಗಿನ ಬಾಟಲಿಯನ್ನು ಹೊರಗೆ ತೆಗೆದು ತೆರೆದರೆ ಒಳಗೆಲ್ಲ ನೀರಿನ ಪಸೆ ಕೂರುತ್ತದೆ. ನಿಲ್ಲಿಸಿದ ಕಾರಿನಲ್ಲಿ ಬಿಡುವುದಂತೂ ಇಲ್ಲವೇ ಇಲ್ಲ.

ಕೈ ಒರೆಸುವ ವಿಷಯದಲ್ಲಿ ನಾನು ಈಗ ಸ್ವಲ್ಪ ಜಾಸ್ತಿಯೇ ಪೀಡಿಸುತ್ತೇನೆ. ಕೈ ತೊಳೆದು ಹಸಿ ಬೆರಳನ್ನೇ ಬಾಟಲಿಗೆ ಹಾಕಿದರೆ ನಾವೇ ತೇವ ಒಳಗೆ ಕೊಟ್ಟ ಹಾಗೆ. ಬೆರಳಿನ ನೀರು ರಕ್ತದ ಹನಿಗೆ ಬೆರೆತರೆ ಸಂಖ್ಯೆಯೂ ಕೆಳಗೆ ಬರುತ್ತದೆ. ಹಾಗಾಗಿ ತೊಳೆದ ಮೇಲೆ ಪೂರ್ತಿ ಒಣಗಿಸಿ, ಒಂದೇ ಸ್ಟ್ರಿಪ್ ತೆಗೆದು, ತಕ್ಷಣ ಮುಚ್ಚಳ ಮುಚ್ಚಿ, ಆಮೇಲೆ ಬೆರಳಿಗೆ ಚುಚ್ಚುವುದು. ಮೊದಲೆಲ್ಲ ಚುಚ್ಚಿ, ರಕ್ತ ಬಂದ ಮೇಲೆ ಬಾಟಲಿ ಹುಡುಕುತ್ತಿದ್ದಳು. ಆ ಗಡಿಬಿಡಿಯಲ್ಲೇ ಮುಚ್ಚಳ ತೆರೆದು ಉಳಿಯುತ್ತಿತ್ತು.

ಡಬ್ಬಿಯಲ್ಲಿ ಉಳಿದ ನಾಲ್ಕು ಸ್ಟ್ರಿಪ್‌ಗಳನ್ನು ಅಮ್ಮ ಎಸೆಯಲು ಬಿಡಲಿಲ್ಲ. "ಒಳ್ಳೇವು ಇರಬಹುದು, ಸುಮ್ನೆ ಹಾಳು ಯಾಕೆ" ಅಂದಳು. ಮೂರು ವಾರ ನಮ್ಮನ್ನು ಆಟ ಆಡಿಸಿದ ಸ್ಟ್ರಿಪ್ ಮೇಲೂ ಅವಳಿಗೆ ಅಯ್ಯೋ ಪಾಪ. ಅವಳ ಮುಂದೆಯೇ ನಾಲ್ಕನ್ನೂ ಮಧ್ಯಕ್ಕೆ ಕತ್ತರಿಸಿ, ಬಳಸಿದ ಸ್ಟ್ರಿಪ್ ಮತ್ತು ಸೂಜಿ ಹಾಕುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದೆ.

ಈಗಿನ ಬಾಟಲಿಯ ಮೇಲೆ ಕಪ್ಪು ಮಾರ್ಕರ್‌ನಲ್ಲಿ ತೆರೆದ ದಿನ, ಎಸೆಯುವ ದಿನ ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದಿದೆ. ಕಂಟ್ರೋಲ್ ಸೊಲ್ಯೂಷನ್ ಸೀಸೆಗೂ ಹಾಗೇ, ನಮ್ಮದು ತೆರೆದ ಮೇಲೆ ಮೂರು ತಿಂಗಳಿಗೆ ಮುಗಿಯುತ್ತದೆ. ಹೊಸ ಬಾಟಲಿ ತೆರೆದಾಗ ಒಂದು ಸಲ, ಸಂಖ್ಯೆಗೂ ಮೈಗೂ ತಾಳೆ ಆಗದಾಗ ಒಂದು ಸಲ ಆ ಹನಿ ಹಾಕಿ ನೋಡುತ್ತೇವೆ. ಮೈ ಬೆವರಿ ನಡುಗುತ್ತಿದ್ದರೆ ಅದಕ್ಕೂ ಕಾಯುವುದಿಲ್ಲ, ಮೊದಲು ಸಕ್ಕರೆ ನೀರು. ಅಮ್ಮನ ಬೆಳಗಿನ ಶುಗರ್ ಮತ್ತೆ 105ರಿಂದ 130ರ ಒಳಗೆ ಬಂದಿದೆ, 18 ಯೂನಿಟ್‌ನಲ್ಲೇ.

ಹೆಬ್ಬೆರಳು ಬಾತುಕೊಂಡ ದಿನ ಮೇಜಿನ ಉಪಾಯವೂ ನಡೆಯುವುದಿಲ್ಲ. ಆಗ ನನ್ನನ್ನು ಎಬ್ಬಿಸಬೇಕು ಅಂತ ಮಾತಾಗಿದೆ. ಕಳೆದ ತಿಂಗಳು ಎರಡು ದಿನ ಎಬ್ಬಿಸಿದಳು.